ತೊಂಬತ್ತೊಂದು

ಏಪ್ರಿಲ್ಲಿನ ಮಧ್ಯಾಹ್ನ. ಹನುಮಂತನಗರ, ಮೂರನೇ ಮಹಡಿ,
ತಲೆಯ ಮೇಲೆ ಶೀಟು.
ಮಾಗಡಿಯ ಯಾರದೋ ಮದುವೆ ನನ್ನ ಪರದೆಯಲ್ಲಿ
ಧಾರೆಗೆ ಬಂದು ನಿಂತಿತ್ತು,
ಶೇಕಡಾ ಎಂಬತ್ತಮೂರು.
ಕಾರ್ಡಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗಿ ಕೂಗಿ
ತಟ್ಟನೆ ಸುಮ್ಮನಾಯಿತು.
ಹುಡುಗಿಯ ಕೆನ್ನೆಯ ಮೇಲೆ ಹಸಿರು ಚೌಕ,
ಹುಡುಗನ ಪೇಟದಿಂದ ಇಳಿದ ಗುಲಾಬಿ ಗೆರೆ,
ಪುರೋಹಿತರ ಬಾಯಿ ತೆರೆದದ್ದು ತೆರೆದ ಹಾಗೇ.
ಆಮೇಲೆ ಕಪ್ಪು.

ಕೊನೆಗೆ ಕಂಡ ಅಂಕಿ ತೊಂಬತ್ತೊಂದು.
ಜ್ವರವಾಗಿದ್ದರೆ ಹಣೆಗೆ ಒದ್ದೆ ಬಟ್ಟೆ ಹಾಕಬಹುದಿತ್ತು.

ಓವನ್ನಿನಲ್ಲಿ ಎಂಟು ನಿಮಿಷ ಬೇಯಿಸಿದರೆ
ಸತ್ತ ಕಾರ್ಡು ಎದ್ದು ಕೂರುತ್ತದಂತೆ, ಯಾರೋ ಹೇಳಿದ್ದರು.
ನಮ್ಮ ಬೀದಿಯಲ್ಲಿ ಓವನ್ನು ಅಂತ ಇರುವುದು
ತಿರುನಾರಾಯಣರ ಬೇಕರಿಯಲ್ಲಿ.
ಸಂಜೆ ಬನ್ನು ಇಳಿಸುವ ಹೊತ್ತಿಗೆ ಹೋಗಿ
ಟವೆಲ್ಲು ಬಿಚ್ಚಿ ತೋರಿಸಿದೆ.
ಕನ್ನಡಕ ಹಣೆಗೇರಿಸಿ ನೋಡಿದರು.
"ದಿಲ್‌ಪಸಂದ್ ಬೇಯೋ ಜಾಗ ಕಣಮ್ಮ ಇದು.
ಆ ಹೊಗೆ ಕುಡಿದ ಬನ್ನು ಯಾರು ತಿಂತಾರೆ?"
ಒಂದು ಖಾರಾ ಬನ್ನು ಕಟ್ಟಿಕೊಟ್ಟರು. ದುಡ್ಡು ಮುಟ್ಟಲಿಲ್ಲ.
ಸಾವಾದ ಮನೆಯವರಿಗೆ ಕೊಡುವ ಹಾಗೆ.

ಎಸ್.ಪಿ. ರೋಡಿನ ಸೆಲ್ವಿಗೆ ಬೋರ್ಡಿಲ್ಲ.
ಕೇಬಲ್ ಮಾರುವವನ ಬೆನ್ನ ಹಿಂದೆ,
ಒಬ್ಬರು ಇಳಿದರೇ ಇನ್ನೊಬ್ಬರು ಹತ್ತಬಹುದಾದ ಮೆಟ್ಟಿಲು.
ಅವಳು ಮೊದಲು ಕಾರ್ಡನ್ನು ಮೂಸಿದಳು,
ಹಾಲು ಒಡೆದಿದೆಯೇ ಎಂದು ಮೂಸುವಂತೆ.
ತಿರುಪುಗಳನ್ನೆಲ್ಲ ಕುಂಕುಮದ ಬಟ್ಟಲಿಗೆ ಹಾಕಿದಳು.
ಒಳಗೆ ನನ್ನ ಎರಡು ವರ್ಷ:
ಊದುಬತ್ತಿಯ ಮಸಿ, ಒಗ್ಗರಣೆಯ ಜಿಡ್ಡು ಹಿಡಿದ ಧೂಳು,
ಉದ್ದ ಕೂದಲು ನನ್ನದು, ಗಿಡ್ಡ ರೋಮ
ಮುನಿರತ್ನಮ್ಮನವರ ಬೆಕ್ಕಿನದು.
ಚಿಪ್ಪಿನ ಮೇಲಿನ ಪೇಸ್ಟು ಹಳೇ ಸುಣ್ಣದ ಡಬ್ಬಿಯಂತೆ
ಒಣಗಿ ಬಿರುಕು ಬಿಟ್ಟಿತ್ತು.

"ಸೆಕೆಂಡ್ ಹ್ಯಾಂಡಾ? ಕಾಯಿನ್ ಅಗೆದಿರೋ ಕಾರ್ಡು ಇದು.
ಹಗಲೂ ರಾತ್ರಿ ದುಡಿಸಿ, ಒರೆಸಿ, ನಿಮಗೆ ಮಾರವ್ರೆ."
ಮಾರಿದವನು ಹೇಳಿದ್ದು ಬೇರೆ.
ಭಾನುವಾರ ಮಾತ್ರ ಮಗ ಆಡುತ್ತಿದ್ದ, ಅಂದಿದ್ದ.
ಇಲ್ಲದ ಆ ಮಗನಿಗೆ ನಾನೊಂದು ಮುಖ ಕೂಡ ಕೊಟ್ಟಿದ್ದೆ.

ಬೇಕರಿಯ ಕತೆ ಕೇಳಿ ಅವಳು ನಕ್ಕಳು.
"ಬೇಯಿಸಿದ್ರೆ ಮೂರು ದಿನ ಬದುಕುತ್ತೆ.
ನಾಲ್ಕನೇ ದಿನ ತಿಥಿ. ಅದರ ವಿಡಿಯೋನೂ ನೀವೇ ಮಾಡ್ಬೇಕು."
ಇನ್ನೊಂದು ಹೆಣದಿಂದ ಮೆಮೊರಿ ಚಿಪ್ಪು ಕಿತ್ತು
ಬಿಸಿಗಾಳಿ ಊದಿ ಕೂರಿಸಿದಳು.
ಹೊಸ ಪೇಸ್ಟು, ಎಲೆಗೆ ಸುಣ್ಣ ಸವರಿದಷ್ಟೇ,
"ಜಾಸ್ತಿ ಆದ್ರೆ ಬಾಯಿ ಸುಡುತ್ತೆ."
ಕಂಪನಿಯ ಒಂಟಿ ಫ್ಯಾನನ್ನು ಮೂಲೆಗೆ ಎಸೆದು
ತಾಮ್ರದ ನಳಿಗೆಗಳ ದೊಡ್ಡದೊಂದು ಕೂಲರ್ರು,
ಅದಕ್ಕೆ ಎರಡು ಫ್ಯಾನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದಳು.
ಭಾರಕ್ಕೆ ಕಾರ್ಡು ಬಾಗಿದರೆ? ಅಂದೆ.
ಕೆಳಗಿನ ಟೈಲರನ ಖಾಲಿ ದಾರದ ರೀಲು ತರಿಸಿ
ಅಡಿಗೆ ಊರುಗೋಲು ಕೊಟ್ಟಳು.
ಎರಡು ಸಾವಿರದ ಏಳುನೂರು. ಗ್ಯಾರಂಟಿ ಇಲ್ಲ.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದಳು:
"ಕಿಟಕಿ ತೆಗೆದಿಡಿ ಅಕ್ಕಾ!
ಬಿಸಿ ಸಾಯಲ್ಲ, ಮನೆ ಬದಲಾಯಿಸುತ್ತೆ ಅಷ್ಟೇ."

ರಾತ್ರಿ ಅರವತ್ತನಾಲ್ಕು. ಸದ್ದೇ ಇಲ್ಲ.
ಇಲ್ಲವೆಂದೇ ಮೂರು ಸಲ ಎದ್ದು
ಫ್ಯಾನಿನ ಮುಂದೆ ಅಂಗೈ ಹಿಡಿದು ನೋಡಿದೆ,
ಹಸುಗೂಸಿನ ಮೂಗಿಗೆ ಬೆರಳು ಹಿಡಿಯುವ ಹಾಗೆ.
ಪುರೋಹಿತರು ಬಾಯಿ ಮುಚ್ಚಿದರು,
ಹುಡುಗಿಯ ಕೆನ್ನೆ ಕೆನ್ನೆಯಾಯಿತು, ನೀರು ಬಿತ್ತು ಕೈಯಿಂದ ಕೈಗೆ.
ಪೆಟ್ಟಿಗೆಯ ಹಿಂದೆ ಬಿಸಿಗಾಳಿ ಬರುತ್ತಿದ್ದ ಕಿಂಡಿಯ ಹತ್ತಿರ
ಬೆಕ್ಕು ತನ್ನ ಮಾಮೂಲು ಜಾಗಕ್ಕೆ ಬಂದು
ಮೂಸಿ, ನನ್ನನ್ನೊಮ್ಮೆ ನೋಡಿ, ಹೊರಟುಹೋಯಿತು.

ಕೋಣೆ ಕಾದಿತ್ತು. ಕಿಟಕಿ ತೆಗೆದೆ.
ಎದುರು ಕಟ್ಟಡದ ಗೋಡೆಗೆ ನೇತುಬಿದ್ದ ಏಸಿಯೊಂದು
ಒಳಗಿನವರ ನಿದ್ದೆಯ ಬಿಸಿಯನ್ನೆಲ್ಲ
ನನ್ನ ಮುಖಕ್ಕೆ ಊದುತ್ತಿತ್ತು.